ಅವ್ವನ ಸಾವಿರದ ನೂರಾ ನಲವತ್ತು ಶಬ್ದ

ಫೆಬ್ರುವರಿ ೧೧, ೨೦೨೫

ಡಾಕ್ಟರು ಇವತ್ತು ಸುತ್ತಿ ಬಳಸಿ ಮಾತಾಡಲಿಲ್ಲ. ಅವ್ವನ ಗಂಟಲಲ್ಲಿರುವ ಗಂಟು ಕೆಟ್ಟದ್ದೇ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಮಾರ್ಚ್ ಹನ್ನೊಂದಕ್ಕೆ ಆಪರೇಶನ್. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಮುಂದೆ ಬೇರೆ ಉಪಾಯಗಳಿವೆಯಂತೆ, ಆದರೆ ಆಗ ಬರುವ ದನಿ ಇವರದಾಗಿರುವುದಿಲ್ಲ ಎಂದರು. ಅರ್ಧ ತೆಗೆದು ಅರ್ಧ ಬಿಡಲು ಬರುವುದಿಲ್ಲವೇ ಸಾಹೇಬರೇ ಎಂದು ಅವ್ವ ಮರಾಠಿಯಲ್ಲಿ ಕೇಳಿದಳು, ಸಂತೆಯಲ್ಲಿ ಕುಂಬಳಕಾಯಿ ಕೇಳಿದ ಹಾಗೆ. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ರಿಕ್ಷಾ ವಿಜಾಪುರ ರಸ್ತೆಗೆ ತಿರುಗಿ ನಮ್ಮ ಓಣಿ ಬರುವವರೆಗೂ ಅವಳ ಬಾಯಿ ನಿಲ್ಲಲಿಲ್ಲ. "ಮಶೇರಿ ಹಚ್ಚಬ್ಯಾಡ ಅಂತ ನಿಮ್ಮಪ್ಪ ಇರೂತನಾ ಬಡಕೊಂಡ. ಈಗ ಮ್ಯಾಲ ಕುಂತು, ನಾ ಹೇಳಿದ್ದಿಲ್ಲೇನು ಅಂತಿರತಾನ, ಖರೇನ." ನಲವತ್ತು ವರ್ಷ ಸುಟ್ಟ ತಂಬಾಕಿನ ಪುಡಿಯಲ್ಲಿ ಹಲ್ಲು ತಿಕ್ಕಿದವಳ ಮಾತು ಇದು. ಅಪ್ಪ ಹೋಗಿ ಎಂಟು ವರ್ಷವಾದವು, ಇನ್ನೂ ಅವನ ಜತೆ ವಾದ ಮುಗಿದಿಲ್ಲ.

ಈ ದಿನಚರಿಯ ವಹಿ ಕನ್ನಡದಲ್ಲಿ ಬರೆಯುತ್ತೇನೆ. ಹತ್ತನೆಯವರೆಗೆ ಅಕ್ಕಲಕೋಟೆಯಲ್ಲಿ ಅವ್ವನ ತಂಗಿ ತುಳಜಾ ಮೌಶಿಯ ಮನೆಯಲ್ಲಿದ್ದು ಕನ್ನಡ ಸಾಲೆ ಕಲಿತವಳು ನಾನು. ಅವ್ವ ಸೊಲ್ಲಾಪುರದ ಕಿರಾಣಿ ವ್ಯಾಪಾರಿಯ ಮಗಳು, ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ. ತಮ್ಮ ಅಮೋಲನೂ ಹಾಗೆಯೇ. ಮನೆಯಲ್ಲಿ ಎಲ್ಲರೂ ಕನ್ನಡದಲ್ಲೇ ಜಗಳಾಡುತ್ತೇವೆ, ಓದಲು ಬರುವವಳು ಮಾತ್ರ ನಾನೊಬ್ಬಳೇ. ವಹಿಗೆ ಬೀಗ ಬೇಕಿಲ್ಲ.

ಫೆಬ್ರುವರಿ ೧೩

ಅಳುತ್ತ ಕೂತರೆ ಕೆಲಸವಾಗುವುದಿಲ್ಲ. ಅಮೋಲ ಪುಣೆಯಿಂದ ಫೋನು ಮಾಡಿದ್ದ. ಲಗ್ನಪತ್ರಿಕೆಗಳ ಡಿಸೈನು ಮಾಡುವವನು, ಅವನಿಗೆ ಎಲ್ಲಕ್ಕೂ ಒಂದು ಆ್ಯಪು ಸಿಗುತ್ತದೆ. "ಅಕ್ಕಾ, ಬರದ್ರ ಮಾತಾಡೂ ಆ್ಯಪ್ ಬೇಕಾದಷ್ಟ ಅವ. ಸುಮ್ಮನ ಟೆನ್ಶನ್ ತಗೋಬ್ಯಾಡ." ಹಾಕಿ ಕೇಳಿದೆ. ಮರಾಠಿ ಚೆನ್ನಾಗಿದೆ, ಹಿಂದಿ ಇನ್ನೂ ಚೆನ್ನಾಗಿದೆ. ಕನ್ನಡ ಎಂದರೆ ವಾರ್ತೆ ಓದುವ ಹೆಣ್ಣುಮಗಳೊಬ್ಬಳು "ನನಗೆ ನೀರು ಬೇಕಾಗಿದೆ" ಎಂದಳು. ಅವ್ವ ಹುಟ್ಟಿದಾಗಿನಿಂದ ಹಾಗೆ ಅಂದಿಲ್ಲ. "ನೀರ ತಾ" ಅನ್ನುತ್ತಾಳೆ, ತರುವುದು ತಡವಾದರೆ ಮೇಲೆ ಇನ್ನೂ ನಾಲ್ಕು ಅನ್ನುತ್ತಾಳೆ.

ನಾನೇ ಪ್ರೋಗ್ರಾಮು ಬರೆಯುತ್ತೇನೆ. ಪರದೆಯ ಮೇಲೆ ಚಿತ್ರ, ಒತ್ತಿದರೆ ಅವ್ವನದೇ ದನಿ. ಹದಿನಾಲ್ಕು ವರ್ಷದಿಂದ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ವಸಾಹತಿನ ಟಾವೆಲ್ ಕಾರ್ಖಾನೆಯ ಕಂಪ್ಯೂಟರುಗಳನ್ನೆಲ್ಲ ಒಬ್ಬಳೇ ನೋಡಿಕೊಳ್ಳುತ್ತಿದ್ದೇನೆ, ಇಷ್ಟು ಬಾರದೇ? ಇರುವುದು ಇಪ್ಪತ್ತಾರು ದಿನ. ದಿನಕ್ಕೆ ಐವತ್ತು ಶಬ್ದ ಹಿಡಿದರೂ ಸಾವಿರ ದಾಟುತ್ತದೆ.

ಒಂದೇ ತೊಡಕು. ನಾನು ಬರೆಯುವುದು ಲಿನಕ್ಸಿನಲ್ಲಿ. ಅವ್ವನಿಗೆಂದು ಅಮೋಲ ಕಳಿಸುವ ಮುಟ್ಟುಪರದೆಯ ಲ್ಯಾಪ್‌ಟಾಪು ವಿಂಡೋಸು. ಆಮೇಲೆ ರೇಡಿಯೇಶನ್ ಶೇಕ ಕೊಡಿಸಲು ಪುಣೆಗೆ ಹೋದಾಗ ಅಲ್ಲಿ ಅವನ ಮ್ಯಾಕು. ಮೂರೂ ಕಡೆ ನಡೆಯಬೇಕು.

ಫೆಬ್ರುವರಿ ೧೬, ರವಿವಾರ

ಹಿಂದಿನ ಕೋಣೆಯ ನಾಲ್ಕೂ ಗೋಡೆಗೆ ಚಾದರು ಕಟ್ಟಿದೆ, ದನಿ ಮೊಳಗಬಾರದೆಂದು. ಸೊಲ್ಲಾಪುರದಲ್ಲಿ ಚಾದರಿಗೆ ಬರವಿಲ್ಲವಲ್ಲ. ಅವ್ವ ಒಳಗೆ ಬಂದವಳೇ, "ಇದೇನಪಾ, ಲಗ್ನದ ಮಂಟಪಾ ಹಾಕಿ? ವರಾ ಯಾರ?" ಎಂದಳು.

ಸೂಚನೆ ಸ್ಪಷ್ಟವಾಗಿ ಕೊಟ್ಟೆ. ನಾನು ಶಬ್ದ ಓದುತ್ತೇನೆ, ಕೈ ಎತ್ತುತ್ತೇನೆ, ಅವಳು ಆ ಶಬ್ದ ಹೇಳಬೇಕು, ಬೇರೇನೂ ಹೇಳಬಾರದು. ಕೋಣನ ಮುಂದೆ ಕಿನ್ನರಿ. ನಾನು "ಉಪ್ಪು" ಅಂದರೆ:

"ಉಪ್ಪಂದ್ರ ನೆನಪಾತ ನೋಡು. ಲಗ್ನಾಗಿ ಈ ಮನಿಗಿ ಬಂದು ಮೂರ ದಿನಾ ಆಗಿತ್ತು, ಆಮಟ್ಯಾಗ ಎರಡ ಸಲಾ ಉಪ್ಪ ಹಾಕಿನಿ. ನಿಮ್ಮಪ್ಪ ಸುಮ್ನ ಉಂಡ. ಎದ್ದ ಹೋಗಿ ಒಂದ ತಂಬಗಿ ನೀರ ಕುಡದ. ಯಾಕ ಹೇಳ್ಳಿಲ್ಲ ಅಂತ ಕೇಳಿದ್ರ, ಹೇಳಿದ್ರ ನೀ ನಾಳಿ ಉಪ್ಪ ಹಾಕೂದೇ ಬಿಡತಿದ್ದಿ ಅಂದ. ಹ್ಞಾಂ, ಕೈ ಎತ್ತಿದೇನು? ಉಪ್ಪ."

ಇಷ್ಟು ನಡೆದ ಮೇಲೆ ಒಂದು ಶಬ್ದ. ಮುಕ್ಕಾಲು ನಿಮಿಷ ವ್ಯರ್ಥ. ಎಲ್ಲಾ ಶಬ್ದಕ್ಕೂ ಇದೇ. ಇವತ್ತು ಅರವತ್ತೆರಡು ಮುಗಿದವು, ನನ್ನ ತಲೆ ಒಡೆಯುತ್ತಿದೆ.

ಫೆಬ್ರುವರಿ ೨೦

ಅಮೋಲ ಕಳಿಸಿದ ಲ್ಯಾಪ್‌ಟಾಪು ಬಂತು, ಅವನ ಮ್ಯಾಕನ್ನು ಇಲ್ಲಿಂದಲೇ ನಡೆಸಿ ಮೂರೂ ಯಂತ್ರ ಪರೀಕ್ಷೆ ಮಾಡಿದೆ. ಒತ್ತಿದ ಕ್ಷಣ ದನಿ ಬರಲೆಂದು, ಪ್ರೋಗ್ರಾಮು ಶುರುವಾಗುವಾಗಲೇ ಎಲ್ಲ ಫೈಲು ತೆರೆದಿಟ್ಟುಕೊಳ್ಳುವ ಹಾಗೆ ಬರೆದಿದ್ದೆ. ಎರಡು ಸಾವಿರ ಖಾಲಿ ಫೈಲು ಮಾಡಿ ಓಡಿಸಿದೆ. ಅಮೋಲನ ಮ್ಯಾಕು ಇನ್ನೂರ ಐವತ್ತನಾಲ್ಕನೆಯದಕ್ಕೆ ಬಿತ್ತು. ವಿಂಡೋಸು ಐನೂರ ಹತ್ತನೆಯದಕ್ಕೆ. ನನ್ನ ಲಿನಕ್ಸು ಸಾವಿರದ ಇಪ್ಪತ್ತೆರಡನೆಯದಕ್ಕೆ. ಒಂದು ಪ್ರೋಗ್ರಾಮು ಒಮ್ಮೆಗೆ ಎಷ್ಟು ಫೈಲು ಹಿಡಿದಿರಬಹುದು ಎಂಬುದಕ್ಕೆ ಪ್ರತಿಯೊಂದಕ್ಕೂ ತನ್ನದೇ ಮಿತಿ: ೨೫೬, ೫೧೨, ೧೦೨೪. ಅದರಲ್ಲಿ ಮೂರು ಮೊದಲೇ ತುಂಬಿರುತ್ತವೆ.

ಬರೆದಿಡುತ್ತೇನೆ, ಮರೆಯಬಾರದು. ಮ್ಯಾಕು ಪುಣೆಯವರ ಮನೆ, "ಚಹಾ ಕುಡಿದೇ ಬಂದಿರಬೇಕಲ್ಲ?" ಎಂದು ಬಾಗಿಲಲ್ಲೇ ಕೇಳುತ್ತದೆ. ಆದರೆ ಪ್ರೋಗ್ರಾಮು ಓಡಿಸುವ ಮುಂಚೆ ಒಂದು ಆಜ್ಞೆ ಕೊಟ್ಟರೆ ಮಿತಿ ಏರಿಸುತ್ತದೆ. ವಿಂಡೋಸಿನಲ್ಲಿ ಹೊರಗಿನಿಂದ ಏನೂ ನಡೆಯದು, ಪ್ರೋಗ್ರಾಮೇ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಎಂಟು ಸಾವಿರದವರೆಗೆ ಕೊಡುತ್ತದೆ. ಲಿನಕ್ಸಿನಲ್ಲಿ ಮಿತಿ ಎರಡು. ಒಂದು ಮೆತ್ತಗಿನದು, ಅದನ್ನು ನಾವೇ ಏರಿಸಿಕೊಳ್ಳಬಹುದು. ಇನ್ನೊಂದು ಗಟ್ಟಿ, ಅದನ್ನು ಯಜಮಾನನೇ ಏರಿಸಬೇಕು.

ಮೂರರಲ್ಲೂ ಏರಿಸಿದೆ. ಮಿತಿ ಇರುವುದು ಒಳ್ಳೆಯದೇ, ಅದಿಲ್ಲದಿದ್ದರೆ ಒಬ್ಬನೇ ಪಂಕ್ತಿಯ ಹೋಳಿಗೆ ಪೂರ್ತಿ ಬಳಿದುಬಿಡುತ್ತಾನೆ. ಆದರೆ ಏರಿಸಲು ಬರುವುದನ್ನು ಏರಿಸದೆ ಕೂರುವುದೂ ದಡ್ಡತನ.

ಫೆಬ್ರುವರಿ ೨೩, ರವಿವಾರ

ಹೊಸ ಲ್ಯಾಪ್‌ಟಾಪು ಅವ್ವನ ಮುಂದಿಟ್ಟೆ. ಚಿತ್ರಗಳ ಕೆಳಗೆ ಹೆಸರು ಹಾಕಿದ್ದೆ, ಅಂದವಾಗಿ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಭಾಳ ಛಲೋ ಆಗೇದವಾ. ಯಾರಿಗಿ ಮಾಡಿ ಇದು?"

"ನಿನಗ ಮಾಡೀನಲ್ಲ!"

"ನನಗ? ಕನ್ನಡದಾಗ ಬರದಿ. ನಾ ಇದರ ಪೂಜಿ ಮಾಡ್ಲೇನು?"

ಊರಿಗೆಲ್ಲ ಬುದ್ಧಿ ಹೇಳುವವಳು ನಾನು, ಅವ್ವನಿಗೆ ಕನ್ನಡ ಓದಲು ಬಾರದು ಎನ್ನುವುದೇ ಮರೆತಿದ್ದೆ. ಎಲ್ಲವನ್ನೂ ಮರಾಠಿ ಅಕ್ಷರಕ್ಕೆ ತಿದ್ದುತ್ತ ಕೂತೆ. ಅವಳು ಪಕ್ಕದಲ್ಲಿ ಶೇಂಗಾ ಸುಲಿಯುತ್ತ, ಮಗಳ ಹೆಸರು ಶೀತಲ, ಕೈಯಾಗ ಕೊಟ್ರ ನೀರ ಸುದ್ದಾ ಕುದೀತದ, ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ದನಿ ಮೊದಲಿಗಿಂತ ಒಡೆದಿದೆ. ಮಧ್ಯಾಹ್ನವಾದರೆ ಗೊಗ್ಗರಾಗುತ್ತದೆ. ಬೆಳಿಗ್ಗೆಯೇ ಹಿಡಿಯಬೇಕು.

ಫೆಬ್ರುವರಿ ೨೬, ಶಿವರಾತ್ರಿ

ಶಬ್ದ ಆರು ನೂರಾದವು. ಲ್ಯಾಪ್‌ಟಾಪು ನಿಂತುಹೋಯಿತು. ಫೈಲಿನ ಮಿತಿಯಲ್ಲ, ಈ ಸಲ ಯಂತ್ರದ ನೆನಪು, ಮೆಮರಿ. ಎಲ್ಲ ದನಿಯನ್ನೂ ನೆನಪಿಗೆ ಎತ್ತಿಕೊಳ್ಳಲು ಹೋಗುತ್ತದೆ. ಅಲ್ಲಿರುವುದು ನಾಲ್ಕು ಜೀಬಿ, ವಿಂಡೋಸಿಗೇ ಎರಡೂವರೆ ಬೇಕು. ಲಿನಕ್ಸಾದರೆ ಒಂದರಲ್ಲಿ ಸಂಸಾರ ಮಾಡುತ್ತದೆ. ಮ್ಯಾಕಿನಲ್ಲಿ ಹದಿನಾರಿದೆ, ಅದು ಶ್ರೀಮಂತರ ಮನೆ. ಯಾವ ಆಜ್ಞೆ ಕೊಟ್ಟರೂ ಇದು ಏರುವುದಿಲ್ಲ. ಚಿಪ್ಪು ಬೆಸುಗೆ ಹಾಕಿಬಿಟ್ಟಿದ್ದಾರೆ.

ಹಾಗಾದರೆ ಫೈಲುಗಳೇ ಸಣ್ಣವಾಗಬೇಕು. ಒಂದೊಂದರಲ್ಲಿ ನಲವತ್ತು ಸೆಕೆಂಡು ಅವಳ ಹರಟೆ, ಒಂದು ಸೆಕೆಂಡು ಶಬ್ದ. ಹರಟೆ ಕತ್ತರಿಸಿದರೆ ಸಾವಿರವಲ್ಲ, ಹತ್ತು ಸಾವಿರ ಕೂರುತ್ತವೆ. ಪರದೆಯ ಮೇಲೆ ದನಿ ಗೆರೆಯಾಗಿ ಕಾಣುತ್ತದೆ: ಉದ್ದಕ್ಕೆ ಏಳುಬೀಳು, ಆಮೇಲೆ ಒಂದು ತೆರವು, ಕೊನೆಗೆ ಒಂಟಿ ಗುಬ್ಬಿಯ ಹಾಗೆ ಒಂದು ಉಬ್ಬು. ಆ ಗುಬ್ಬಿಯೇ ಶಬ್ದ. ಮಿಕ್ಕದ್ದು ಕತ್ತರಿ. ಕಣ್ಣಿನಿಂದಲೇ ಆಗುತ್ತದೆ, ಕೇಳಬೇಕಾಗಿಯೂ ಇಲ್ಲ. ಸ್ಪೀಕರು ಬಂದ್ ಮಾಡಿ ತಾಸಿಗೆ ನೂರು ಮುಗಿಸಿದೆ.

ಸಾಬುದಾಣಿ ಖಿಚಡಿ ತಂದಿಟ್ಟು ಅವ್ವ ಬಾಗಿಲಲ್ಲಿ ನಿಂತಿದ್ದಳಂತೆ. ಆರಿದ ಮೇಲೆ ನೋಡಿದೆ.

ಮಾರ್ಚ್ ೩

ಗುರುಸಿದ್ಧ ಮತ್ತೆ ಬಂದಿದ್ದ. ನಮ್ಮ ಕಾರ್ಖಾನೆಯ ಡಿಸೈನರ್, ಇಪ್ಪತ್ತು ವರ್ಷದ ಹಳೆಯ ಮನುಷ್ಯ. ಸರ್ವರಿನಲ್ಲಿ ಪ್ರತಿಯೊಬ್ಬರಿಗೂ ಐದು ಜೀಬಿ ಜಾಗ. ನಾನೇ ಹಾಕಿದ ಗಟ್ಟಿ ಮಿತಿ.

"ಮ್ಯಾಡಂ, ಎರಡ ಜೀಬಿ ಜಾಸ್ತಿ ಕೊಡ್ರಿ. ಹಳೀ ಡಿಸೈನ್ ಅಳಸಾಕ ಮನಸ್ಸ ಬರವಲ್ದರಿ."

"ಎಲ್ಲಾರಿಗೂ ಐದೇ ಗುರುಸಿದ್ಧಣ್ಣ. ನಿಮಗ ಕೊಟ್ರ ನಾಳಿ ಗೇಟಿನ ವಾಚಮನ್ ಬರತಾನ. ಮುಗದ ಕೆಲಸದ ಕಚ್ಚಾ ಯಾಕ ಇಟಗೋತೀರಿ? ಫೈನಲ್ ಇಟ್ಟು ಮಿಕ್ಕದ್ದ ತಗೀರಿ."

ತಲೆಯಾಡಿಸಿ ಹೋದ. ಪಾಪ ಅನ್ನಿಸಿತು, ಆದರೆ ನಿಯಮ ಎಂದರೆ ನಿಯಮ. ಪೆನ್‌ಡ್ರೈವು ಹಚ್ಚಬಾರದು ಎಂಬುದೂ ನನ್ನದೇ ನಿಯಮ. ಅದರಿಂದಲೇ ಹದಿನಾಲ್ಕು ವರ್ಷದಲ್ಲಿ ಒಂದು ಡಿಸೈನೂ ಕಳವಾಗಿಲ್ಲ.

ಮಾರ್ಚ್ ೬

ಒಂಬತ್ತು ನೂರ ಎಪ್ಪತ್ತು. ಅವ್ವನಿಗೆ ಕೆಮ್ಮು. "ಸಾಕ ಮಾಡವಾ, ಮಾತಾಡಿ ಮಾತಾಡಿ ಮಾತ ಉಳಸೂದ ಎಲ್ಲಿ ರೀತಿ?" ಎಂದಳು. ಇನ್ನು ನೂರೆಪ್ಪತ್ತು ಉಳಿದಿವೆ ಎಂದೆ.

ಮಾರ್ಚ್ ೯, ರವಿವಾರ

ಮುಗಿಯಿತು. ಸಾವಿರದ ನೂರಾ ನಲವತ್ತು. ಮೂರೂ ಯಂತ್ರದಲ್ಲಿ ಓಡಿಸಿ ನೋಡಿದೆವು, ಅಮೋಲ ಪುಣೆಯಿಂದ ವಿಡಿಯೋದಲ್ಲಿ ತೋರಿಸಿದ. ಎಲ್ಲೂ ಬೀಳಲಿಲ್ಲ.

ದನಿಯ ಫೈಲುಗಳನ್ನೆಲ್ಲ ಮೊದಲಿನಿಂದ ಕಾರ್ಖಾನೆಯ ಸರ್ವರಿನಲ್ಲಿ, ನನ್ನ ಖಾತೆಯಲ್ಲಿಟ್ಟಿದ್ದೆ. ಮನೆಯಲ್ಲಿರುವ ನನ್ನ ಲ್ಯಾಪ್‌ಟಾಪಿನ ಡಿಸ್ಕು ಹಳೆಯದು, ಯಾವಾಗ ಕೈಕೊಡುತ್ತದೋ. ಮಧ್ಯಾಹ್ನ ಕೊನೆಯವನ್ನು ಕಳಿಸುವಾಗ ಸರ್ವರು ತಡೆಯಿತು: ನಿಮಗೆ ಕೊಟ್ಟ ಜಾಗ ಮುಗಿದಿದೆ, ಬೇಡವಾದದ್ದನ್ನು ತೆಗೆಯಿರಿ. ಆ ಸಂದೇಶ ಬರೆದವಳೂ ನಾನೇ, ಓದಿ ನಗು ಬಂತು. ಯಜಮಾನಿ ನಾನು, ಒಂದು ಸಾಲು ಬರೆದರೆ ಐದು ಇದ್ದದ್ದು ಐವತ್ತಾಗುತ್ತದೆ. ಆದರೆ ಗುರುಸಿದ್ಧನಿಗೆ ಇಲ್ಲವೆಂದ ವಾರವೇ ನನಗೆ ನಾನೇ ಕೊಟ್ಟುಕೊಂಡರೆ? ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಅಲ್ಲಷ್ಟೇ ಇದ್ದ, ಕತ್ತರಿಸದ ಮೂಲ ಫೈಲುಗಳೇ ಮೂರು ಮುಕ್ಕಾಲು ಜೀಬಿ. ಫೈನಲ್ಲು ಕೈಯಲ್ಲಿದೆಯಲ್ಲ. ಕಚ್ಚಾ ಅಳಿಸಿದೆ, ಎಲ್ಲ ಸಲೀಸಾಗಿ ಕೂತಿತು.

ಮಾರ್ಚ್ ೧೦

ಆಸ್ಪತ್ರೆ. ಸೇರಿಸಿಕೊಂಡರು. ಅವ್ವ ತುಳಜಾ ಮೌಶಿಗೆ ಫೋನು ಹಚ್ಚಿ ಒಂದು ತಾಸು ಮಾತಾಡಿದಳು. ಅಕ್ಕತಂಗಿಯರು ಏನೇನು ಮಾತಾಡಿದರೋ, ನಕ್ಕದ್ದೇ ನಕ್ಕದ್ದು. ದನಿ ಪೂರ್ತಿ ಸೀಳಿತ್ತು. "ಅವ್ವಾ, ಸ್ವಲ್ಪ ದನಿ ಉಳಸಕೋ" ಎಂದೆ.

"ಉಳಿಸಿ? ನಾಳಿ ಉಳದದ್ದ ಯಾರಿಗಿ ಕೊಡ್ಲಿ?"

ಆಮೇಲೆ ಪಕ್ಕದ ಮಂಚದವಳ ಜತೆ ಶುರು ಮಾಡಿದಳು. ನಾನು ಲ್ಯಾಪ್‌ಟಾಪಿನ ಬ್ಯಾಟರಿ ಎಷ್ಟು ತಾಸು ಬರುತ್ತದೆ ನೋಡುತ್ತಿದ್ದೆ. ಆರು ತಾಸು ಬರುತ್ತದೆ.

ಮಾರ್ಚ್ ೧೧

ಒಳಗೆ ಒಯ್ದರು. ಸ್ಟ್ರೆಚರಿನ ಮೇಲಿಂದ, "ಗ್ಯಾಸ ಬಂದ್ ಮಾಡಿ ಬಂದಿ ಇಲ್ಲೋ?" ಎಂದು ಕೇಳಿದಳು. ಮಾಡಿದ್ದೇನೆ ಎಂದೆ.

ಮಾರ್ಚ್ ೧೫

ಎಲ್ಲ ಸರಿಯಾಗಿ ಆಗಿದೆಯಂತೆ. ಕೊರಳಲ್ಲಿ ತೂತು, ಅದರಲ್ಲೇ ಉಸಿರು. ಅವ್ವ ಎಚ್ಚರಾದವಳು ಬಾಯಿ ತೆರೆದು ಏನೋ ಹೇಳಿದಳು. ಗಾಳಿಯೂ ಬರಲಿಲ್ಲ. ಮತ್ತೆ ಹೇಳಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಇವತ್ತು ಲ್ಯಾಪ್‌ಟಾಪು ಕೊಟ್ಟೆ. ಬೆರಳಿಂದ ಒತ್ತಿದಳು: "ನೀರ ತಾ." ವಾರ್ಡಿನವರೆಲ್ಲ ತಿರುಗಿ ನೋಡಿದರು. ನರ್ಸು ಚಪ್ಪಾಳೆ ತಟ್ಟಿದಳು, ಡಾಕ್ಟರು ಫೋಟೋ ತೆಗೆದರು. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಅವ್ವ ನೀರು ಕುಡಿಯಲಿಲ್ಲ. ಮೂಗಿನ ನಳಿಗೆ ಇನ್ನೂ ತೆಗೆದಿಲ್ಲ, ಕುಡಿಯುವಂತಿಲ್ಲ. ನಾನು ಖುಷಿಪಡಲಿ ಎಂದು ಒತ್ತಿದಳೋ ಏನೋ.

ಮಾರ್ಚ್ ೨೩, ರವಿವಾರ

ಮನೆಗೆ ಬಂದು ಮೂರು ದಿನ. ಯಂತ್ರವನ್ನು ಬೇಕಾದ ಹೊತ್ತಿಗೆ ಒತ್ತುತ್ತಾಳೆ. "ಗುಳಗಿ." "ಬಿಸಿ ನೀರ." "ಫ್ಯಾನ ಹಚ್ಚ." ಅಲ್ಲಿಗೆ ಮುಗಿಯಿತು. ಉಳಿದದ್ದಕ್ಕೆಲ್ಲ ಪಾಟಿ ತರಿಸಿಕೊಂಡಿದ್ದಾಳೆ, ಬಳಪದಲ್ಲಿ ಮರಾಠಿ ಬರೆಯುತ್ತಾಳೆ. ಅವಳಿಗೆ ಬರೆಯಲು ಬರುವುದು ಅದೊಂದೇ. ಇವತ್ತು "ಊನ್ ಫಾರ್ ಆಹೆ, ಛತ್ರೀ ಘೇವೂನ್ ಜಾ" ಎಂದು ಬರೆದು ತೋರಿಸಿದಳು, ಬಿಸಿಲು ಬಹಳ ಇದೆ, ಛತ್ರಿ ತೊಗೊಂಡು ಹೋಗು ಎಂದು. ಅಕ್ಷರ ಗುಂಡಾಗಿವೆ. ಮಾಸ್ತರರಿಗೆ ಬರೆದ ಹಾಗೆ, ತಪ್ಪಿಲ್ಲದ ಮರಾಠಿ.

ಮೂವತ್ತೆಂಟು ವರ್ಷದಲ್ಲಿ ಅವ್ವ ನನ್ನ ಜತೆ ಮರಾಠಿ ಆಡಿದವಳಲ್ಲ. ಯಾರೋ ಮರ್ಯಾದೆಯ ಹೆಣ್ಣುಮಗಳು ಬಂದು ನಮ್ಮ ಮನೆಯಲ್ಲಿ ಇಳಿದುಕೊಂಡ ಹಾಗಿದೆ. ಬೈಯುವುದೂ ಇಲ್ಲ. ಬೈಗುಳ ಬರೆಯುವಷ್ಟರಲ್ಲಿ ಸಿಟ್ಟು ಇಳಿದುಬಿಡುತ್ತದೆಯೇನೋ.

ಮಾರ್ಚ್ ೨೭

ತುಳಜಾ ಮೌಶಿ ಅಕ್ಕಲಕೋಟೆಯಿಂದ ಎಸ್‌ಟಿ ಬಸ್ಸಿನಲ್ಲಿ ಬಂದಳು. ಅಕ್ಕತಂಗಿ ತಬ್ಬಿಕೊಂಡು ಅತ್ತರು, ಒಬ್ಬಳದು ಮಾತ್ರ ಕೇಳಿಸಿತು. ಮೌಶಿಗೆ ಯಂತ್ರ ತೋರಿಸಿದೆ. ಅವ್ವ ಒತ್ತಿದಳು: "ಬಾ." "ಕುಂದ್ರ." "ಚಾ ಕುಡಿ." ಮೌಶಿ ಸೆರಗು ಬಾಯಿಗಿಟ್ಟುಕೊಂಡು ಕೇಳಿದಳು. ಅಡುಗೆಮನೆಗೆ ಬಂದು ನನ್ನ ಕೈ ಹಿಡಿದಳು.

"ಸಿಟ್ಟಾಗಬ್ಯಾಡ ಶೀತಲಾ. ಮಾಡಿದ್ದ ದೊಡ್ಡ ಕೆಲಸ. ಆದ್ರ ಇದು ಅಕ್ಕ ಅಲ್ಲವಾ. ಅಕ್ಕ ಎಂದಾರ ಬರೇ 'ಬಾ' ಅಂದಾಳೇನು? 'ಬಾರ ಯವ್ವಾ, ದಾರಿ ಮರತಿದ್ದಿ ಏನ, ಆ ಬಸ್ಸಿನ್ಯಾಂವ ನಿನ್ನ ಹೊತಗೊಂಡ ಹೋಗಲಿಲ್ಲಲ' ಅಂತಿದ್ಳು. ಇದು ಸ್ಟ್ಯಾಂಡಿನ್ಯಾಗ ಗಾಡಿ ಕೂಗತಾರಲ್ಲ, ಹಂಗ ಅದ."

ಆ ಮಾತೆಲ್ಲ ಇತ್ತು. ಪ್ರತಿ ಶಬ್ದದ ಹಿಂದೆಯೂ ನಲವತ್ತು ಸೆಕೆಂಡು ಇತ್ತು.

ಮಾರ್ಚ್ ೨೮

ಬೆಳಿಗ್ಗೆ ಎಂಟಕ್ಕೇ ಕಾರ್ಖಾನೆಗೆ ಹೋದೆ. ಅಳಿಸಿದ್ದರ ನಕಲು ಬ್ಯಾಕಪ್ಪಿನಲ್ಲಿ ಏಳು ದಿನ ಇರುತ್ತದೆ. ಇವತ್ತಿಗೆ ಹತ್ತೊಂಬತ್ತು. ಏಳು ಎಂದು ಬರೆದವಳು ನಾನೇ. ಹದಿನೈದು ಮಾಡೋಣ ಎಂದು ಕಾರ್ಖಾನೆಯ ಮಾಲಕ ಸೇಠರು ಅಂದಿದ್ದರು, ಡಿಸ್ಕು ದಂಡ ಎಂದಿದ್ದೆ. ಅಳಿಸಿದ ಜಾಗವನ್ನು ಕೆದಕಿ ನೋಡಿದೆ. ಅದರ ಮೇಲೆ ಟಾವೆಲ್ಲಿನ ಹೂಬಳ್ಳಿಗಳು ಬಂದು ಕೂತಿವೆ. ಮಧ್ಯಾಹ್ನದವರೆಗೆ ಹುಡುಕಿದೆ. ಊಟದ ಡಬ್ಬಿ ತೆರೆಯಲಿಲ್ಲ.

ಗುರುಸಿದ್ಧ ಬಂದು ಏನಾಯಿತೆಂದು ಕೇಳಿದ. ಹೇಳಿದೆ. ಹೇಳಬಾರದಿತ್ತು. ಆತ ಕುರ್ಚಿ ಎಳೆದುಕೊಂಡು ಕೂತ.

"ಅಲ್ರಿ ಮ್ಯಾಡಂ, ನನಗ ಒಂದ ಮಾತ ಹೇಳೂದಿಲ್ಲೇನ್ರಿ? ಹಳೀ ಡಿಸೈನ್ ನಾಕ ಜೀಬಿ ನಾ ಅವತ್ತೇ ಅಳಸಿದ್ನಿ, ನೀವ ಹೇಳಿದ್ರಿ ಅಂತ. ಜಾಗಾ ಖಾಲೀನ ಇತ್ತಲ್ರಿ."

ಮಾರ್ಚ್ ೩೧

ಮೂರು ದಿನ ಕೂತು ಸಾವಿರದ ನೂರಾ ನಲವತ್ತನ್ನೂ ಕೇಳಿದೆ. ಎಲ್ಲಾದರೂ ಒಂದು ಕಡೆ ಕತ್ತರಿ ತಪ್ಪಿರಬೇಕು, ಒಂದು ಅರ್ಧ ಮಾತು, ಒಂದು ಕೆಮ್ಮು, ಹ್ಞಾಂ ಅಂದದ್ದು ಏನಾದರೂ ಉಳಿದಿರಬೇಕು. ಉಪ್ಪ. ಹಾಲ. ಸಕ್ಕರಿ. ಕಿಡಕಿ. ಒಂದರಲ್ಲೂ ಇಲ್ಲ. ಕೆಲಸ ಅಷ್ಟು ಚೊಕ್ಕ ಮಾಡಿದ್ದೇನೆ.

ಸರ್ವರಿನಲ್ಲಿ ಎಲ್ಲರ ಜಾಗ ಇಪ್ಪತ್ತು ಮಾಡಿದೆ. ಸೇಠರು ಕೇಳಿದರೆ ನೋಡಿಕೊಳ್ಳುತ್ತೇನೆ.

ಏಪ್ರಿಲ್ ೩

ಅವ್ವನಿಗೆ ಹೇಳಿದೆ. ಮೊದಲು ನೆನಪು, ಮಿತಿ, ಜೀಬಿ ಎಂದೆಲ್ಲ ಶುರು ಮಾಡಿದೆ. ಅವಳು ಕೈ ಅಡ್ಡ ಹಿಡಿದಳು. ಆಮೇಲೆ ನೆಟ್ಟಗೆ ಹೇಳಿದೆ: "ಅವ್ವಾ, ನೀ ಹೇಳಿದ ಸುದ್ದಿ ಎಲ್ಲಾ ನಾ ಕತ್ತರಿಸಿ ಒಗದೀನಿ. ಬರೇ ಶಬ್ದ ಇಟಗೊಂಡೀನಿ. ಒಂದೂ ಉಳದಿಲ್ಲ." ಹೇಳುವಾಗ ಸಾಲೆಯ ಹುಡುಗಿಯ ಹಾಗೆ ಅತ್ತೆ.

ಪಾಟಿ ತೆಗೆದುಕೊಂಡಳು. ಬರೆಯಲಿಲ್ಲ. ಬಳಪ ಕೈಯಲ್ಲಿ ಹಿಡಿದು ಯೋಚಿಸಿದಳು, ಕೆಳಗಿಟ್ಟಳು. ನನ್ನ ತಲೆಗೆ ಎಣ್ಣೆ ಹಚ್ಚಿದಳು, ಜೋರಾಗಿ, ಯಾವಾಗಲೂ ಹಚ್ಚುವ ಹಾಗೆ. ಹಚ್ಚುವಾಗ ಅವಳು ಸುಮ್ಮನಿದ್ದದ್ದು ಇದೇ ಮೊದಲು. ಕೊರಳಿನ ತೂತಿನಿಂದ ಉಸಿರು ಬಂದುಹೋಗುವುದು ಕೇಳಿಸುತ್ತಿತ್ತು.

ಏಪ್ರಿಲ್ ೬, ರವಿವಾರ

ಮುಂಜಾನೆ ಚಹಾ ಆದ ಮೇಲೆ ಅವ್ವ ತಾನಾಗಿಯೇ ಲ್ಯಾಪ್‌ಟಾಪು ತೆರೆದು ಪಕ್ಕದ ಜಾಗ ತಟ್ಟಿ ತೋರಿಸಿದಳು. ಕೂತೆ. "ಉಪ್ಪ" ಒತ್ತಿದಳು. ಏನು ಬೇಕೋ ಎಂದು ಎದ್ದೆ. ಕೈ ಹಿಡಿದು ಕೂರಿಸಿದಳು. ಮತ್ತೆ "ಉಪ್ಪ." ಗದ್ದ ಎತ್ತಿ ನನ್ನ ಬಾಯಿ ತೋರಿಸಿದಳು. ಆಗ ತಿಳಿಯಿತು.

ಹೇಳಿದೆ. ಅಪ್ಪ ಸುಮ್ಮನೆ ಉಂಡದ್ದು, ತಂಬಿಗೆ ನೀರು ಕುಡಿದದ್ದು. ಎರಡನೇ ದಿನ ಎಂದೆ, ಅವಳು ಮೂರು ಬೆರಳು ಎತ್ತಿದಳು. ಮೂರನೇ ದಿನ ಎಂದೆ. ಬಾಯಿ ತೆರೆದು ನಕ್ಕಳು, ಭುಜ ಕುಣಿದವು. ನಾನು ಅವಳ ಹಾಗೆಯೇ ಹೇಳಲು ನೋಡಿದೆ, "ನಾಳಿ ಉಪ್ಪ ಹಾಕೂದೇ ಬಿಡತಿದ್ದಿ ಅಂದ" ಎಂದು. ಅದೊಂದನ್ನು ಈ ವಹಿಯಲ್ಲಿ ಸಿಟ್ಟಿಗೆ ಬರೆದಿಟ್ಟಿದ್ದೆ, ಅದಕ್ಕೇ ಗೊತ್ತಿತ್ತು.

"ಬೆಲ್ಲ" ಒತ್ತಿದಳು. ಸಂಕ್ರಾಂತಿಗೆ ಅಜ್ಜನ ಅಂಗಡಿಯಲ್ಲಿ ಇರುವೆ ಹೊಕ್ಕ ಸುದ್ದಿ, ಅರ್ಧ ನೆನಪಿತ್ತು, ಅರ್ಧ ಸೇರಿಸಿ ಹೇಳಿದೆ. ಸೇರಿಸಿದ್ದು ಅವಳಿಗೆ ಗೊತ್ತಾಯಿತು, ಆದರೂ ಬಿಟ್ಟಳು. "ಹೋಟಗಿ" ಒತ್ತಿದಳು. ಹೋಟಗಿ ಸ್ಟೇಶನ್ನಿನಲ್ಲಿ ರೈಲು ತಪ್ಪಿಸಿಕೊಂಡು ಅಮೋಲನನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತದ್ದು. ಅದೂ ಬಂತು. ನಾನು ಗೆದ್ದೆನೆಂದುಕೊಂಡೆ. ದಿನಕ್ಕೆ ಐವತ್ತು ಹಿಡಿದರೆ ತಿಂಗಳೊಪ್ಪತ್ತಿನಲ್ಲಿ ಎಲ್ಲ ಮುಗಿಯುತ್ತದೆ, ಈ ಸಲ ನನ್ನ ದನಿಯಲ್ಲಿ, ಕತ್ತರಿಸದೆ.

ಆಮೇಲೆ "ಛತ್ರಿ" ಒತ್ತಿದಳು.

ಛತ್ರಿ ಹೇಳುವ ದಿನ ಬಹಳ ನಕ್ಕಿದ್ದಳು, ಅಷ್ಟು ಗೊತ್ತು. ನಕ್ಕು ನಕ್ಕು ಕಣ್ಣು ಒರೆಸಿಕೊಂಡಿದ್ದಳು. ಗೆರೆ ಪರದೆಯ ಮೇಲಿನ ಅಂಚಿಗೆ ಬಡಿಯುತ್ತಿದೆ, ದನಿ ಒಡೆದುಹೋಗುತ್ತದೆ ಎಂದು ನಾನು ಮೈಕನ್ನು ಹಿಂದೆ ಸರಿಸುತ್ತಿದ್ದೆ. ಯಾಕೆ ನಕ್ಕಳು ಎಂದು ಕೇಳಿಸಿಕೊಳ್ಳಲಿಲ್ಲ.

"ಅಪ್ಪನ ಛತ್ರೀದೇನು?" ಎಂದೆ. ಅಲ್ಲವೆಂದು ತಲೆಯಾಡಿಸಿದಳು. "ಮೌಶೀದು?" ಅಲ್ಲ. "ಲಗ್ನದಾಗಿಂದು?" ಅಲ್ಲ. ಪಾಟಿ ಕೊಟ್ಟೆ. ಮರಾಠಿಯಲ್ಲಿ ಎರಡು ಸಾಲು ಬರೆದಳು, ಓದಿ ನೋಡಿಕೊಂಡಳು, ಇದು ಅದಲ್ಲ ಎಂಬಂತೆ ಮುಖ ಸೊಟ್ಟ ಮಾಡಿ ಅಂಗೈಯಿಂದ ಒರೆಸಿಬಿಟ್ಟಳು. ಬಾಯಿಂದ ಹೇಳಿದಳು, ದೊಡ್ಡದಾಗಿ ತುಟಿ ಬಿಡಿಸಿ, ಕೈಮಾಡಿ, ನಡುವೆ ತನಗೇ ನಗು ಬಂದು ತಡೆದುಕೊಂಡು, ಮತ್ತೆ ಹೇಳಿದಳು. ಪೂರ್ತಿ ಹೇಳಿ ಮುಗಿಸಿದಳು. ನನಗೆ ಒಂದು ಶಬ್ದವೂ ಸಿಗಲಿಲ್ಲ.

ನಾನು ಹೇಳಲಿ ಎಂದು ಕಾದಳು. ಮತ್ತೆ ಒತ್ತಿದಳು.

"ಛತ್ರಿ," ಎಂದಿತು ಯಂತ್ರ, ಸ್ವಚ್ಛವಾಗಿ.